ಕಂಟೇನರ್‌ಗೆ ನಿಜವಾಗಿ ಎಷ್ಟು ಮೆಮೊರಿ ಇದೆ? ಓದುವ ಮತ್ತು ಹೊಂದಿಸುವ ಕ್ರಮದ ಸಮಗ್ರ ಮಾರ್ಗದರ್ಶಿ

ಹಾಸನದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಂದಲೂ ಚಿಕ್ಕಮಗಳೂರಿನ ಸಣ್ಣ ಸಾಫ್ಟ್‌ವೇರ್ ತಂಡಗಳಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ಯಂತ್ರದಲ್ಲಿ ಇನ್ನೂ 11 ಜಿಬಿ ಖಾಲಿ ಇದೆಯೆಂದು ಕಂಟೇನರ್ (ಅಪ್ಲಿಕೇಶನ್ನನ್ನು ಯಂತ್ರದ ಉಳಿದ ಭಾಗದಿಂದ ಬೇರ್ಪಡಿಸಿ ನಡೆಸುವ ಆವರಣ) ಒಳಗಿನ ಫ್ರೀ ಕಮಾಂಡ್ ತೋರಿಸುತ್ತಿರುವಾಗ ಅಪ್ಲಿಕೇಶನ್ ಮೆಮೊರಿ ಸಾಲದೆ ಸಾಯುವುದೇಕೆ? ಹೀಗೆ ಕೇಳುವವರು ಅಷ್ಟರಲ್ಲಾಗಲೇ ಕಂಟೇನರಿನ ಮಿತಿಯನ್ನು ಹೆಚ್ಚಿಸಿರುತ್ತಾರೆ, ಇಲ್ಲವೇ ಪ್ರೋಗ್ರಾಮಿನ ಹೀಪನ್ನು (ನಡೆಯುವಾಗ ಅದು ತನ್ನ ಮಾಹಿತಿಯನ್ನು ಇಟ್ಟುಕೊಳ್ಳುವ ಮೆಮೊರಿಯನ್ನು) ಅಂದಾಜಿನ ಮೇಲೆ ಬದಲಾಯಿಸಿರುತ್ತಾರೆ. ಅಳತೆ ಮಾಡುವ ಮೊದಲೇ ಮಾಡಿದ ಬದಲಾವಣೆಗಳಾದ್ದರಿಂದ ಅವು ಕೆಲವು ದಿನ ತೊಂದರೆಯನ್ನು ಮುಂದೂಡುತ್ತವೆಯೇ ಹೊರತು ಅದರ ಕಾರಣವನ್ನು ತೋರಿಸುವುದಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ನಡೆಸಬೇಕೆಂದು ಕೋರುತ್ತೇನೆ; ಮೊದಲ ಹಂತದಲ್ಲಿ ಹೇಳಿರುವ ಒಂದನ್ನು ಬಿಟ್ಟು, ನಾಲ್ಕನೆಯ ಹಂತ ಮುಗಿಯುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ಉದಾಹರಣೆಗೆ ನಮ್ಮ ಕಡೆಯ ಒಂದು ಸಾಮಾನ್ಯ ಅಪ್ಲಿಕೇಶನ್ನನ್ನೇ ಇಟ್ಟುಕೊಳ್ಳೋಣ. ಕಾಫಿ ತೋಟಗಳ ಆಳುಗಳ ಹಾಜರಿ, ಕುಯ್ಲಿನ ತೂಕ ಮತ್ತು ಮಳೆಯ ಲೆಕ್ಕವನ್ನು ತೋಟದ ರೈಟರುಗಳು ತುಂಬುತ್ತಾರೆ. ವಾರದ ಬಟವಾಡೆಯ ದಿನ ಎಲ್ಲ ತೋಟಗಳ ಕೂಲಿ ಪಟ್ಟಿಯೂ ಒಂದೇ ಹೊತ್ತಿನಲ್ಲಿ ತಯಾರಾಗಬೇಕು. ಅಪ್ಲಿಕೇಶನ್ ಜಾವಾದಲ್ಲಿದೆ, ಸರ್ವರ್ ಯಂತ್ರಕ್ಕೆ 16 ಜಿಬಿ ಮೆಮೊರಿ ಇದೆ, ಕಂಟೇನರಿಗೆ 1 ಜಿಬಿ ಮಿತಿ ಹಾಕಲಾಗಿದೆ. ಮಳೆಗಾಲವಿಡೀ ಸುಮ್ಮನೆ ನಡೆದ ಅಪ್ಲಿಕೇಶನ್ ನವೆಂಬರಿನಲ್ಲಿ ಅರೇಬಿಕಾ ಕುಯ್ಲು ಆರಂಭವಾಗಿ ಆಳುಗಳ ಸಂಖ್ಯೆ ಏರಿದೊಡನೆ ಬಟವಾಡೆಯ ದಿನವೇ ಬೀಳತೊಡಗುತ್ತದೆ.

ಬೇಕಾಗುವ ಸಲಕರಣೆಗಳು

ಲಿನಕ್ಸ್ ಯಂತ್ರಕ್ಕೆ ಟರ್ಮಿನಲ್ ಪ್ರವೇಶ, ಅದರ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ದಾಖಲೆಯನ್ನು ಓದುವ ಅನುಮತಿ, ಮತ್ತು ನಡೆಯುತ್ತಿರುವ ಕಂಟೇನರಿನೊಳಗೆ ಕಮಾಂಡ್ ಕೊಡಲು ಡಾಕರ್ ಎಕ್ಸೆಕ್ (ಕಂಟೇನರ್ ನಡೆಸುವ ಡಾಕರ್ ತಂತ್ರಾಂಶದ ಕಮಾಂಡ್) ಅಥವಾ ಕ್ಯೂಬ್‌ಸಿಟಿಎಲ್ ಎಕ್ಸೆಕ್ (ಹಲವು ಯಂತ್ರಗಳಲ್ಲಿ ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್‌ನ ಕಮಾಂಡ್) ಇದ್ದರೆ ಸಾಕು. ಮೊದಲ ನಾಲ್ಕು ಹಂತಗಳಿಗೆ ಬೇರೆ ಯಾವ ತಂತ್ರಾಂಶವನ್ನೂ ಅಳವಡಿಸಬೇಕಾಗಿಲ್ಲ. ಕಡತಗಳ ಮತ್ತು ಕಮಾಂಡ್‌ಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡಾಕರ್ ಡೆಸ್ಕ್‌ಟಾಪ್ ಬಳಸುವ ವಿದ್ಯಾರ್ಥಿಗಳು ಒಂದು ವಿಷಯವನ್ನು ಮೊದಲೇ ಗಮನಿಸಬೇಕು. ಅಲ್ಲಿ ಕಂಟೇನರ್ ನಡೆಯುವುದು ವಿಂಡೋಸ್ ಮೇಲಲ್ಲ, ಅದರೊಳಗಿನ ಲಿನಕ್ಸ್ ವರ್ಚುವಲ್ ಯಂತ್ರದ ಮೇಲೆ. ವಿಂಡೋಸ್‌ನೊಳಗೆ ಲಿನಕ್ಸ್ ನಡೆಸುವ ಡಬ್ಲ್ಯೂಎಸ್ಎಲ್ 2 ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಮೆಮೊರಿಯ ಅರ್ಧವನ್ನು ಆ ವರ್ಚುವಲ್ ಯಂತ್ರಕ್ಕೆ ಕೊಡುತ್ತದೆ. ಆದ್ದರಿಂದ 8 ಜಿಬಿ ಲ್ಯಾಪ್‌ಟಾಪಿನ ಕಂಟೇನರಿನಲ್ಲಿ ಸುಮಾರು 4 ಜಿಬಿ ಕಂಡರೆ ಅದು ವರ್ಚುವಲ್ ಯಂತ್ರದ ಗಾತ್ರ. ಕಂಟೇನರಿನ ಮಿತಿ ಅದಕ್ಕಿಂತ ಬೇರೆಯೇ ಆದ ಮೂರನೆಯ ಸಂಖ್ಯೆ.

ಹಂತ 1: ಸಿಗ್ರೂಪ್‌ನ ಯಾವ ಆವೃತ್ತಿ ನಡೆಯುತ್ತಿದೆ ಎಂದು ಗುರುತಿಸಿ

ಕಂಟೇನರಿನ ಮೆಮೊರಿ ಮಿತಿಯನ್ನು ಜಾರಿಗೆ ತರುವುದು ಲಿನಕ್ಸ್ ಕರ್ನಲ್‌ನ ಸಿಗ್ರೂಪ್ ವ್ಯವಸ್ಥೆ. ಅದಕ್ಕೆ ಎರಡು ಆವೃತ್ತಿಗಳಿವೆ. ಎರಡನೆಯದು 2016ರಲ್ಲಿ ಕರ್ನಲ್ 4.5ರೊಂದಿಗೆ ಅಧಿಕೃತವಾಯಿತು. ಎರಡರಲ್ಲಿ ಕಡತಗಳ ಹೆಸರೂ ಜಾಗವೂ ಬೇರೆ ಬೇರೆಯಾದ್ದರಿಂದ ಮುಂದಿನ ಎಲ್ಲ ಹಂತಗಳೂ ಈ ಉತ್ತರವನ್ನೇ ಅವಲಂಬಿಸಿವೆ.

ಹೋಸ್ಟ್ ಯಂತ್ರದಲ್ಲಿ, ಅಂದರೆ ಕಂಟೇನರ್ ನಡೆಯುವ ಮೂಲ ಯಂತ್ರದಲ್ಲಿ, ಡಾಕರ್ ಇನ್ಫೋ ಕಮಾಂಡ್ ಕೊಟ್ಟು ಸಿಗ್ರೂಪ್ ವರ್ಷನ್ ಎಂಬ ಸಾಲನ್ನು ನೋಡಿ. ಡಾಕರ್ ಇಲ್ಲದಿದ್ದರೆ /ಸಿಸ್/ಎಫ್‌ಎಸ್/ಸಿಗ್ರೂಪ್ ಡೈರೆಕ್ಟರಿಯೊಳಗೆ ಸಿಗ್ರೂಪ್.ಕಂಟ್ರೋಲರ್ಸ್ ಎಂಬ ಕಡತ ನೇರವಾಗಿ ಕಂಡರೆ ಅದು ಎರಡನೆಯ ಆವೃತ್ತಿ; ಅದರ ಬದಲು ಮೆಮೊರಿ, ಸಿಪಿಯು ಮುಂತಾದ ಬೇರೆ ಬೇರೆ ಡೈರೆಕ್ಟರಿಗಳು ಕಂಡರೆ ಮೊದಲನೆಯದು. ಉಬುಂಟು 22.04, ಡೆಬಿಯನ್ 11 ಮತ್ತು ರೆಡ್ ಹ್ಯಾಟ್ 9 ತಾವಾಗಿಯೇ ಎರಡನೆಯ ಆವೃತ್ತಿಯನ್ನು ಬಳಸುತ್ತವೆ, ಉಬುಂಟು 20.04 ಮೊದಲನೆಯದನ್ನು ಬಳಸುತ್ತಿತ್ತು.

ಇದೇ ಡಾಕರ್ ಇನ್ಫೋದ ಕೊನೆಯಲ್ಲಿ ಮೆಮೊರಿ ಮಿತಿಗೆ ಬೆಂಬಲವಿಲ್ಲ ಎಂಬ ಎಚ್ಚರಿಕೆ ಇದೆಯೇ ಎಂದೂ ನೋಡಿ. ತೋಟದ ಕಚೇರಿಗಳಲ್ಲಿ ಅಗ್ಗದ ಸರ್ವರ್ ಎಂದು ಇಡುವ ರಾಸ್ಪ್‌ಬೆರಿ ಪೈ ಯಂತ್ರಗಳಲ್ಲಿ ಮೆಮೊರಿ ಸಿಗ್ರೂಪ್ ಅನೇಕ ವೇಳೆ ಬೂಟ್ ಆಗುವಾಗಲೇ ನಿಷ್ಕ್ರಿಯವಾಗಿರುತ್ತದೆ. ಅಂಥ ಯಂತ್ರದಲ್ಲಿ ನೀವು ಬರೆದ ಮಿತಿ ಜಾರಿಗೇ ಬರುವುದಿಲ್ಲ. ಬೂಟ್ ಸಾಲಿನಲ್ಲಿ ಮೆಮೊರಿ ಸಿಗ್ರೂಪನ್ನು ಸಕ್ರಿಯಗೊಳಿಸಿ ಯಂತ್ರವನ್ನು ಮರುಪ್ರಾರಂಭಿಸಿದ ಮೇಲೆಯೇ ಮುಂದಕ್ಕೆ ಹೋಗಿ.

ಹಂತ 2: ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ

ಕಂಟೇನರ್ ಒಳಗೆ ಹೋಗಿ ಮೊದಲು /ಪ್ರಾಕ್/ಮೆಮ್‌ಇನ್ಫೋ ಕಡತವನ್ನು ಓದಿ. ಅದರ ಮೊದಲ ಸಾಲಿನ ಮೆಮ್‌ಟೋಟಲ್ ಮತ್ತು ಮೂರನೆಯ ಸಾಲಿನ ಮೆಮ್‌ಅವೈಲಬಲ್ ಎರಡೂ ಇಡೀ ಯಂತ್ರದ ಸಂಖ್ಯೆಗಳು. ಕಂಟೇನರಿಗೆ ತನ್ನದೇ ಪ್ರೊಸೆಸ್ ಪಟ್ಟಿ, ತನ್ನದೇ ನೆಟ್‌ವರ್ಕ್, ತನ್ನದೇ ಕಡತ ವ್ಯವಸ್ಥೆ ಇದ್ದರೂ ಮೆಮ್‌ಇನ್ಫೋ ಕಡತವನ್ನು ಕರ್ನಲ್ ಹಾಗೆ ಬೇರ್ಪಡಿಸಿಲ್ಲ. ಫ್ರೀ, ಟಾಪ್, ಪೈಥಾನಿನ ಪಿಎಸ್‌ಯುಟಿಲ್ ಎಲ್ಲವೂ ಆ ಕಡತವನ್ನೇ ಓದಿ ಹೇಳುತ್ತವೆ; ಸಿಸ್‌ಇನ್ಫೋ ಎಂಬ ಕರ್ನಲ್ ಕರೆಯೂ ಯಂತ್ರದ ಲೆಕ್ಕವನ್ನೇ ಕೊಡುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಐವತ್ತು ಮೂಟೆಗೆ ಮಾತ್ರ ಜಾಗ ಪಡೆದ ಬೆಳೆಗಾರರು ಗೇಟಿನ ಫಲಕದಲ್ಲಿರುವ ಗೋದಾಮಿನ ಒಟ್ಟು ಸಾಮರ್ಥ್ಯವನ್ನು ನೋಡಿ ಲಾರಿ ತುಂಬಿಸಿಕೊಂಡು ಬಂದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ: ಫಲಕದ ಸಂಖ್ಯೆ ಸರಿಯಾಗಿಯೇ ಇದೆ, ಆದರೆ ಅದು ಅವರ ಪಾಲಿನ ಸಂಖ್ಯೆಯಲ್ಲ.

ಈಗ ಪಾಲಿನ ಸಂಖ್ಯೆಯನ್ನು ಓದಿ. ಎರಡನೆಯ ಆವೃತ್ತಿಯಲ್ಲಿ ಅದು /ಸಿಸ್/ಎಫ್‌ಎಸ್/ಸಿಗ್ರೂಪ್/ಮೆಮೊರಿ.ಮ್ಯಾಕ್ಸ್ ಕಡತದಲ್ಲಿ, ಮೊದಲನೆಯದರಲ್ಲಿ /ಸಿಸ್/ಎಫ್‌ಎಸ್/ಸಿಗ್ರೂಪ್/ಮೆಮೊರಿ/ಮೆಮೊರಿ.ಲಿಮಿಟ್_ಇನ್_ಬೈಟ್ಸ್ ಕಡತದಲ್ಲಿ ಇರುತ್ತದೆ. ಸಂಖ್ಯೆ ಬೈಟ್‌ಗಳಲ್ಲಿದೆ, ನಮ್ಮ ಉದಾಹರಣೆಯ 1 ಜಿಬಿ ಮಿತಿ 1073741824 ಎಂದು ಕಾಣುತ್ತದೆ.

ಇಲ್ಲಿ ಸಂಖ್ಯೆಯ ಬದಲು ಮ್ಯಾಕ್ಸ್ ಎಂಬ ಪದವೇ ಕಂಡರೆ ಕಂಟೇನರಿಗೆ ಮಿತಿಯೇ ಇಲ್ಲ ಎಂದು ಅರ್ಥ. ಮೊದಲನೆಯ ಆವೃತ್ತಿಯಲ್ಲಿ ಇದೇ ಸ್ಥಿತಿ 9223372036854771712 ಎಂಬ ಭಾರಿ ಸಂಖ್ಯೆಯಾಗಿ ಕಾಣುತ್ತದೆ. ತಾವೇ ಸ್ಕ್ರಿಪ್ಟ್ ಬರೆದು ಮಿತಿಯನ್ನು ಓದುವವರು ಈ ಎರಡು ಸಂದರ್ಭಗಳನ್ನು ಪ್ರತ್ಯೇಕವಾಗಿ ನಿಭಾಯಿಸದಿದ್ದರೆ ಸ್ಕ್ರಿಪ್ಟ್ ಮ್ಯಾಕ್ಸ್ ಎಂಬ ಪದ ಕಂಡಾಗ ಮುರಿದು ಬೀಳುತ್ತದೆ, ಭಾರಿ ಸಂಖ್ಯೆ ಕಂಡಾಗ ಅಸಂಬದ್ಧ ಹೀಪ್ ಗಾತ್ರವನ್ನು ಲೆಕ್ಕ ಹಾಕುತ್ತದೆ.

ಇನ್ನೊಂದು ಗುಪ್ತ ತೊಡಕಿದೆ. ಸಿಗ್ರೂಪ್‌ಗಳು ಮರದ ಕೊಂಬೆಗಳಂತೆ ಒಂದರೊಳಗೊಂದು ಇರುತ್ತವೆ, ಮತ್ತು ಮೇಲಿನ ಗುಂಪಿನ ಮಿತಿ ಕೆಳಗಿನದಕ್ಕೂ ಅನ್ವಯಿಸುತ್ತದೆ. ಕಂಟೇನರಿನ ಒಳಗಿನಿಂದ ನೋಡಿದಾಗ ಸಾಮಾನ್ಯವಾಗಿ ಅದರ ಸ್ವಂತ ಗುಂಪು ಮಾತ್ರ ಕಾಣುತ್ತದೆ. ಹೋಸ್ಟ್‌ನಲ್ಲಿ ಯಾರಾದರೂ ಡಾಕರ್ ಕಂಟೇನರ್‌ಗಳನ್ನೆಲ್ಲ ಒಂದು ಸಿಸ್ಟಂಡಿ ಸ್ಲೈಸ್‌ನೊಳಗೆ (ಹಲವು ಪ್ರೊಸೆಸ್‌ಗಳಿಗೆ ಒಟ್ಟಾಗಿ ಮಿತಿ ಹಾಕುವ ಗುಂಪಿನೊಳಗೆ) ಇಟ್ಟು ಅದಕ್ಕೆ 2 ಜಿಬಿ ಮಿತಿ ಹಾಕಿದ್ದರೆ, 4 ಜಿಬಿ ಎಂದು ಬರೆದ ಕಂಟೇನರ್ 2 ಜಿಬಿ ತಲುಪುವ ಮೊದಲೇ ಸಾಯಬಹುದು. ಕಂಟೇನರಿನ ಒಳಗಿನ ಲೆಕ್ಕ ಸರಿಯಿದ್ದೂ ಅದು ಬೀಳುತ್ತಿದ್ದರೆ ಹೋಸ್ಟ್‌ನಿಂದ ಮೇಲಿನ ಗುಂಪುಗಳ ಮಿತಿಯನ್ನು ಒಂದೊಂದಾಗಿ ಓದಿ.

ಹಂತ 3: ಬಳಕೆಯನ್ನು ಒಡೆದು ಓದಿ

ಎರಡನೆಯ ಆವೃತ್ತಿಯಲ್ಲಿ ಮೆಮೊರಿ.ಕರೆಂಟ್ ಕಡತ ಗುಂಪಿನ ಒಟ್ಟು ಬಳಕೆಯನ್ನು ಹೇಳುತ್ತದೆ. ಆ ಒಂದೇ ಸಂಖ್ಯೆಯನ್ನು ಮಿತಿಯೊಂದಿಗೆ ಹೋಲಿಸಿ ಗಾಬರಿಯಾಗುವುದು ನಾನು ಹೆಚ್ಚು ಕಂಡ ತಪ್ಪು. ಡಿಸ್ಕ್‌ನಿಂದ ಓದಿದ ಕಡತಗಳ ಕ್ಯಾಶ್ ಕೂಡ ಅದರಲ್ಲಿ ಸೇರಿರುತ್ತದೆ; ಅಗತ್ಯ ಬಿದ್ದಾಗ ಕರ್ನಲ್ ಆ ಭಾಗವನ್ನು ಬಿಡುಗಡೆ ಮಾಡುತ್ತದೆ. ದಿನವಿಡೀ ಲಾಗ್ ಬರೆಯುವ ಅಪ್ಲಿಕೇಶನ್ನಿನ ಒಟ್ಟು ಬಳಕೆ ಮಿತಿಯ ಹತ್ತಿರಕ್ಕೆ ಹೋಗಿ ಅಲ್ಲೇ ನಿಲ್ಲುವುದು ಸಹಜ, ಅದು ಮೆಮೊರಿ ಸೋರಿಕೆಯಲ್ಲ.

ಆದ್ದರಿಂದ ಮೆಮೊರಿ.ಸ್ಟ್ಯಾಟ್ ಕಡತವನ್ನು ತೆರೆದು ಮೂರು ಸಾಲುಗಳನ್ನು ನೋಡಿ. ಅನಾನ್ ಎಂಬುದು ಪ್ರೋಗ್ರಾಂ ತಾನೇ ಪಡೆದುಕೊಂಡ ಮೆಮೊರಿ: ಹೀಪ್, ಸ್ಟ್ಯಾಕ್ ಇತ್ಯಾದಿ. ಸ್ವಾಪ್ (ಮೆಮೊರಿಯ ಬದಲು ಬಳಸುವ ಡಿಸ್ಕ್ ಜಾಗ) ಇಲ್ಲದಿದ್ದರೆ ಇದನ್ನು ಕರ್ನಲ್ ಹಿಂಪಡೆಯಲಾರದು. ಇನ್‌ಆಕ್ಟಿವ್_ಫೈಲ್ ಎಂಬುದು ಸುಲಭವಾಗಿ ಬಿಡುಗಡೆಯಾಗುವ ಕ್ಯಾಶ್. ಎಸ್‌ಎಚ್‌ಮೆಮ್ ಎಂಬುದು ಹಂಚಿಕೆಯ ಮೆಮೊರಿ ಮತ್ತು ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರುವ) ಕಡತಗಳು. ಇದು ಫೈಲ್ ಎಂಬ ಸಾಲಿನ ಮೊತ್ತದಲ್ಲೂ ಸೇರಿರುವುದರಿಂದ ಕ್ಯಾಶ್‌ನಂತೆ ತೋರುತ್ತದೆ, ಆದರೆ ಸ್ವಾಪ್ ಇಲ್ಲದೆ ಇದೂ ಬಿಡುಗಡೆಯಾಗುವುದಿಲ್ಲ. ಮೆಮೊರಿ ಆಧಾರಿತ ತಾತ್ಕಾಲಿಕ ಡೈರೆಕ್ಟರಿಯಲ್ಲಿ ಕೂಲಿ ಪಟ್ಟಿಯ ಪಿಡಿಎಫ್‌ಗಳನ್ನು ಬರೆದು ಅಳಿಸದೇ ಬಿಡುವ ಅಪ್ಲಿಕೇಶನ್‌ಗಳು ಇದೇ ಸಾಲನ್ನು ವಾರದಿಂದ ವಾರಕ್ಕೆ ಬೆಳೆಸುತ್ತವೆ.

ಒಟ್ಟು ಬಳಕೆಯಿಂದ ಇನ್‌ಆಕ್ಟಿವ್_ಫೈಲನ್ನು ಕಳೆದರೆ ಬರುವ ಸಂಖ್ಯೆಯೇ ಕುಬರ್ನೆಟೀಸ್ ವರ್ಕಿಂಗ್ ಸೆಟ್ ಎಂದು ತೋರಿಸುವುದು. ಡಾಕರ್ ಸ್ಟ್ಯಾಟ್ಸ್ ಕೂಡ ಇದನ್ನು ಕಳೆದ ಸಂಖ್ಯೆಯನ್ನೇ ತೋರಿಸುತ್ತದೆ. ಎರಡು ಸಾಧನಗಳು ಬೇರೆ ಬೇರೆ ಬಳಕೆ ತೋರಿಸುತ್ತಿವೆ ಎಂಬ ದೂರಿಗೆ ಬಹುಮಟ್ಟಿಗೆ ಈ ಕಳೆಯುವಿಕೆಯೇ ಕಾರಣ. ಈ ಅಳತೆಯನ್ನು ಅಪ್ಲಿಕೇಶನ್ ಸುಮ್ಮನಿರುವಾಗ ಒಮ್ಮೆ, ಬಟವಾಡೆಯ ಪಟ್ಟಿ ತಯಾರಾಗುತ್ತಿರುವಾಗ ಇನ್ನೊಮ್ಮೆ ತೆಗೆದುಕೊಳ್ಳಿ. ಒಂದೇ ಅಳತೆಯಿಂದ ಏನೂ ತಿಳಿಯದು.

ಹಂತ 4: ಸತ್ತದ್ದು ಹೇಗೆ ಎಂದು ಖಚಿತಪಡಿಸಿಕೊಳ್ಳಿ

ಮೆಮೊರಿಯ ಹೆಸರಿನಲ್ಲಿ ಬರುವ ಸಾವುಗಳು ಮೂರು ಬಗೆಯವು, ಮೂರಕ್ಕೂ ಪರಿಹಾರ ಬೇರೆ. ಇವನ್ನು ಬೆರೆಸಿದರೆ ಮುಂದಿನ ಎಲ್ಲ ಶ್ರಮವೂ ತಪ್ಪು ದಿಕ್ಕಿಗೆ ಹೋಗುತ್ತದೆ.

ಮೊದಲನೆಯದು, ಗುಂಪಿನ ಮಿತಿ ಮೀರಿ ಕರ್ನಲ್ ಪ್ರೊಸೆಸನ್ನು ಕೊಂದದ್ದು. ಪ್ರೋಗ್ರಾಂ ಮೆಮೊರಿ ಕೇಳಿದಾಗ ಲಿನಕ್ಸ್ ಸಾಮಾನ್ಯವಾಗಿ ಒಪ್ಪಿಕೊಂಡುಬಿಡುತ್ತದೆ. ಆ ಜಾಗವನ್ನು ನಿಜವಾಗಿ ಮುಟ್ಟಿದಾಗಲಷ್ಟೇ ಅದು ಗುಂಪಿನ ಲೆಕ್ಕಕ್ಕೆ ಸೇರುತ್ತದೆ. ಮಿತಿ ತಲುಪಿದಾಗ ಕರ್ನಲ್ ಮೊದಲು ಕ್ಯಾಶ್ ಬಿಡಿಸಲು ಯತ್ನಿಸಿ, ಅದೂ ಸಾಲದಿದ್ದರೆ ಪ್ರೊಸೆಸನ್ನು 9ನೆಯ ಸಿಗ್ನಲ್‌ನಿಂದ ಕೊಲ್ಲುತ್ತದೆ. ಪ್ರೋಗ್ರಾಮಿಗೆ ದೋಷವನ್ನು ಹಿಡಿಯುವ, ಲಾಗ್ ಬರೆಯುವ ಅವಕಾಶವೇ ಸಿಗುವುದಿಲ್ಲ. ಹಾಗಾಗಿ ಲಾಗ್ ವಾಕ್ಯದ ನಡುವೆಯೇ ನಿಂತಿರುವುದು ಇದರ ಬಲವಾದ ಲಕ್ಷಣ. ಡಾಕರ್ ಇನ್‌ಸ್ಪೆಕ್ಟ್‌ನಲ್ಲಿ ಓಓಎಂಕಿಲ್ಡ್ ಎಂಬುದು ಟ್ರೂ ಎಂದಿರುತ್ತದೆ, ಹೋಸ್ಟ್‌ನ ಕರ್ನಲ್ ದಾಖಲೆಯನ್ನು ತೋರಿಸುವ ಡಿಮೆಸೆಜ್‌ನಲ್ಲಿ ಮೆಮೊರಿ ಸಿಗ್ರೂಪ್ ಔಟ್ ಆಫ್ ಮೆಮೊರಿ ಎಂಬ ಸಾಲಿರುತ್ತದೆ.

ಎರಡನೆಯದು, ಇಡೀ ಯಂತ್ರದ ಮೆಮೊರಿಯೇ ಮುಗಿದು ಕರ್ನಲ್ ಈ ಪ್ರೊಸೆಸನ್ನು ಆರಿಸಿಕೊಂಡು ಕೊಂದದ್ದು. ಆಗ ಡಿಮೆಸೆಜ್ ಸಾಲಿನಲ್ಲಿ ಸಿಗ್ರೂಪ್‌ನ ಉಲ್ಲೇಖ ಇರುವುದಿಲ್ಲ, ನಿಮ್ಮ ಕಂಟೇನರ್ ತನ್ನ ಮಿತಿಯಿಂದ ಎಷ್ಟೋ ಕೆಳಗಿದ್ದಿರಬಹುದು. ಇಲ್ಲಿ ತಪ್ಪು ಬಹುಶಃ ಮಿತಿಯಿಲ್ಲದ ಪಕ್ಕದ ಕಂಟೇನರಿನದು.

ಮೂರನೆಯದು, ರನ್‌ಟೈಮ್ (ಪ್ರೋಗ್ರಾಮನ್ನು ನಡೆಸುವ ಜಾವಾದಂಥ ವ್ಯವಸ್ಥೆ) ತಾನೇ ಹಾಕಿಕೊಂಡ ಹೀಪ್ ಮಿತಿ ಸಾಲದೆ ದೋಷ ಎಸೆದದ್ದು. ಜಾವಾದ ಔಟ್‌ಆಫ್‌ಮೆಮೊರಿಎರರ್ ಈ ಬಗೆಯದು. ಇದರಲ್ಲಿ ಕರ್ನಲ್‌ನ ಪಾತ್ರವಿಲ್ಲ. ಕಂಟೇನರಿನಲ್ಲಿ ಜಾಗ ಉಳಿದಿದ್ದರೂ ಇದು ಆಗುತ್ತದೆ.

ನಿರ್ಗಮನ ಸಂಕೇತ 137 ಕಂಡೊಡನೆ ಮೆಮೊರಿ ಸಾವು ಎಂದು ತೀರ್ಮಾನಿಸಬೇಡಿ. 137 ಎಂದರೆ 128ಕ್ಕೆ 9 ಸೇರಿಸಿದ್ದು, 9ನೆಯ ಸಿಗ್ನಲ್‌ನಿಂದ ಸತ್ತಿದೆ ಎಂದಷ್ಟೇ. ಡಾಕರ್ ಸ್ಟಾಪ್ ಕೊಟ್ಟಾಗ ಅಪ್ಲಿಕೇಶನ್ 10 ಸೆಕೆಂಡುಗಳಲ್ಲಿ ತಾನಾಗಿ ನಿಲ್ಲದಿದ್ದರೂ ಡಾಕರ್ ಅದೇ ಸಿಗ್ನಲ್ ಕಳಿಸುತ್ತದೆ, ಅದೇ 137 ಬರುತ್ತದೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಪೈಥಾನಿನ ವೆಬ್ ಸರ್ವರ್ ಆದ ಗುನಿಕಾರ್ನ್‌ನಂತೆ ಒಂದು ಮುಖ್ಯ ಪ್ರೊಸೆಸ್ ಹಲವು ವರ್ಕರ್‌ಗಳನ್ನು ನಡೆಸುವ ಕಡೆ ಕರ್ನಲ್ ಒಂದು ವರ್ಕರನ್ನು ಮಾತ್ರ ಕೊಂದರೆ ಕಂಟೇನರ್ ನಿಲ್ಲುವುದೇ ಇಲ್ಲ. ಮುಖ್ಯ ಪ್ರೊಸೆಸ್ ಹೊಸ ವರ್ಕರನ್ನು ಹುಟ್ಟಿಸುತ್ತದೆ, ಆ ಹೊತ್ತಿಗೆ ಕೂಲಿ ಪಟ್ಟಿ ಕೇಳಿದ್ದ ರೈಟರಿಗೆ ಮಾತ್ರ ದೋಷ ಕಾಣುತ್ತದೆ. ಮೆಮೊರಿ.ಈವೆಂಟ್ಸ್ ಕಡತದ ಓಓಎಂ_ಕಿಲ್ ಎಣಿಕೆಯಿಂದ ಇದು ಪತ್ತೆಯಾಗುತ್ತದೆ. ಕಂಟೇನರ್ ನಿಂತೊಡನೆ ಅದರ ಸಿಗ್ರೂಪ್ ಅಳಿಸಿಹೋಗಿ ಎಣಿಕೆಯೂ ಹೋಗುವುದರಿಂದ, ನಡೆಯುತ್ತಿರುವಾಗಲೇ ಇದನ್ನು ಓದಬೇಕು.

ಹಂತ 5: ರನ್‌ಟೈಮ್‌ಗೆ ಮಿತಿಯನ್ನು ತಿಳಿಸಿ

ಈಗ ಬದಲಾವಣೆಯ ಹಂತ. ಕೆಲವು ರನ್‌ಟೈಮ್‌ಗಳು ಸಿಗ್ರೂಪ್ ಮಿತಿಯನ್ನು ತಾವೇ ಓದುತ್ತವೆ, ಕೆಲವು ಓದುವುದಿಲ್ಲ. ಓದುವವುಗಳಲ್ಲಿಯೂ ಆವೃತ್ತಿಯಿಂದ ಆವೃತ್ತಿಗೆ ವ್ಯತ್ಯಾಸವಿದೆ. ಅತಿ ಹೆಚ್ಚು ತೊಂದರೆ ಕೊಡುವ ಜಾವಾವನ್ನು ವಿವರವಾಗಿ ನೋಡೋಣ.

ಜಾವಾ ತನಗೆ ಕಾಣುವ ಮೆಮೊರಿಯ ಕಾಲು ಭಾಗವನ್ನು ಗರಿಷ್ಠ ಹೀಪ್ ಎಂದು ಇಟ್ಟುಕೊಳ್ಳುತ್ತದೆ. ಕಂಟೇನರಿನ ಅರಿವಿಲ್ಲದ ಹಳೆಯ ಜಾವಾ ನಮ್ಮ ಉದಾಹರಣೆಯ ಯಂತ್ರದಲ್ಲಿ 16 ಜಿಬಿಯನ್ನು ನೋಡಿ 4 ಜಿಬಿ ಹೀಪ್ ಎಂದುಕೊಳ್ಳುತ್ತದೆ. ಮಿತಿ 1 ಜಿಬಿ ಮಾತ್ರ ಇದ್ದರೂ ಕಸ (ಬಳಕೆ ಮುಗಿದ ಮೆಮೊರಿ) ತೆಗೆಯುವ ಅಗತ್ಯವೇ ಇಲ್ಲವೆಂದು ಹೀಪನ್ನು ಬೆಳೆಸುತ್ತಾ ಹೋಗಿ ಮೊದಲನೆಯ ಬಗೆಯ ಸಾವಿಗೆ ಸಿಗುತ್ತದೆ. ಕಂಟೇನರಿನ ಅರಿವಿರುವ ಜಾವಾ ಅದೇ ಜಾಗದಲ್ಲಿ 256 ಎಂಬಿ ಹೀಪ್ ಇಟ್ಟುಕೊಂಡು, ಮುಕ್ಕಾಲು ಭಾಗವನ್ನು ಹೀಪ್‌ಗೆ ಬಳಸದೆ, ಬಟವಾಡೆಯ ದಿನ ಮೂರನೆಯ ಬಗೆಯ ಸಾವಿಗೆ ಸಿಗುತ್ತದೆ. ಅಂದರೆ ಜಾವಾವನ್ನು ನವೀಕರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಕಂಟೇನರ್ ಅರಿವು 2018ರ ಜಾವಾ 10ರಲ್ಲಿ ಬಂದು, ಹಿಂದಿನ ಸಾಲಿಗೆ 8ಯು191ರಲ್ಲಿ ಸೇರಿತು. ಆದರೆ ಅವು ಓದಬಲ್ಲದ್ದು ಸಿಗ್ರೂಪ್‌ನ ಮೊದಲ ಆವೃತ್ತಿಯನ್ನು ಮಾತ್ರ. ಎರಡನೆಯ ಆವೃತ್ತಿಯನ್ನು ಓದುವ ಶಕ್ತಿ ಜಾವಾ 15ರಲ್ಲಿ ಬಂತು. ಹಳೆಯ ಸಾಲುಗಳಲ್ಲಿ ಅದು 11.0.16 ಮತ್ತು 8ಯು372ರಿಂದ ದೊರೆಯುತ್ತದೆ. ಈ ಎರಡು ಗೆರೆಗಳ ನಡುವಿನ ಜಾವಾ ಇರುವ ಇಮೇಜನ್ನು (ಕಂಟೇನರ್ ಹುಟ್ಟುವ ಮೂಲ ಪ್ಯಾಕೇಜನ್ನು) ಉಬುಂಟು 20.04ರಲ್ಲಿ ಚೆನ್ನಾಗಿ ನಡೆಸುತ್ತಿದ್ದವರು ಸರ್ವರನ್ನು 22.04ಕ್ಕೆ ಏರಿಸಿದರೆ, ಅಪ್ಲಿಕೇಶನ್ನಿನ ಒಂದು ಸಾಲೂ ಬದಲಾಗದೆ, ಇಮೇಜೂ ಬದಲಾಗದೆ, ಕಂಟೇನರ್‌ಗಳು ಸಾಯಲು ತೊಡಗುತ್ತವೆ. ಜಾವಾಕ್ಕೆ ಹುಡುಕಿದ ಕಡತ ಸಿಗದೆ ಅದು ಸದ್ದಿಲ್ಲದೆ ಯಂತ್ರದ ಮೆಮೊರಿಗೆ ಮರಳಿರುತ್ತದೆ. ಮೊದಲ ಹಂತಕ್ಕೆ ನಾನು ಅಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿಯೇ.

ಸರಿಪಡಿಸುವ ಕ್ರಮ ಹೀಗೆ. ಮೊದಲು ಜಾವಾದ ಆವೃತ್ತಿಯನ್ನು ಮೇಲಿನ ಗೆರೆ ದಾಟಿಸಿ. ನಂತರ ಮ್ಯಾಕ್ಸ್‌ರ‍್ಯಾಮ್‌ಪರ್ಸೆಂಟೇಜ್ ಆಯ್ಕೆಯಿಂದ ಶೇಕಡಾವಾರು ಹೀಪ್ ಕೊಡಿ. ಎಲ್ಲೆಡೆ 75 ಎಂದು ಬರೆಯುವ ರೂಢಿಯನ್ನು ಸಣ್ಣ ಕಂಟೇನರ್‌ಗಳಿಗೆ ನಾನು ಒಪ್ಪುವುದಿಲ್ಲ. ಹೀಪ್‌ನ ಹೊರಗೆ ಕ್ಲಾಸ್‌ಗಳ ಮೆಟಾಸ್ಪೇಸ್, ಪ್ರತಿ ಥ್ರೆಡ್‌ಗೆ 1 ಎಂಬಿವರೆಗಿನ ಸ್ಟ್ಯಾಕ್, ಕಂಪೈಲ್ ಆದ ಕೋಡ್‌ನ ಕ್ಯಾಶ್, ನೇರ ಬಫರ್‌ಗಳು ಇರುತ್ತವೆ. 1 ಜಿಬಿಯಲ್ಲಿ ಉಳಿಯುವ 256 ಎಂಬಿ ಅವಕ್ಕೆ ಸಾಲದಿರಬಹುದು. 1 ಜಿಬಿಗೆ 60.0ರಿಂದ ಆರಂಭಿಸಿ, 4 ಜಿಬಿ ಮೀರಿದಲ್ಲಿ 75.0ರವರೆಗೆ ಏರಿಸಿ. ದಶಮಾಂಶವನ್ನು ಬಿಡಬೇಡಿ, ಕೆಲವು ಹಳೆಯ ಆವೃತ್ತಿಗಳು ಪೂರ್ಣಾಂಕವನ್ನು ತಿರಸ್ಕರಿಸುತ್ತವೆ. ಗರಿಷ್ಠ ಹೀಪನ್ನು ನೇರವಾಗಿ ಹೇಳುವ ಎಕ್ಸ್ಎಂಎಕ್ಸ್ ಆಯ್ಕೆ ಎಲ್ಲಾದರೂ ಉಳಿದಿದ್ದರೆ ಶೇಕಡಾವಾರಿಗೆ ಬೆಲೆಯಿಲ್ಲ, ಅದನ್ನು ತೆಗೆದುಹಾಕಿ. ಮಿನ್‌ರ‍್ಯಾಮ್‌ಪರ್ಸೆಂಟೇಜ್ ಎಂಬುದು ಹೆಸರಿನಲ್ಲಿ ಕನಿಷ್ಠ ಎಂದಿದ್ದರೂ ತೀರಾ ಕಡಿಮೆ ಮೆಮೊರಿಯ ಕಂಟೇನರ್‌ಗಳಲ್ಲಿ ಗರಿಷ್ಠ ಹೀಪನ್ನೇ ನಿರ್ಧರಿಸುತ್ತದೆ. ಇದನ್ನು ಕನಿಷ್ಠ ಹೀಪ್ ಎಂದು ತಿಳಿದು ಹಾಕಬೇಡಿ. ಕೊನೆಗೆ ಪ್ರಿಂಟ್‌ಫ್ಲ್ಯಾಗ್ಸ್‌ಫೈನಲ್ ಆಯ್ಕೆಯೊಂದಿಗೆ ಕಂಟೇನರ್ ಒಳಗೆ ಜಾವಾವನ್ನು ನಡೆಸಿ ಮ್ಯಾಕ್ಸ್‌ಹೀಪ್‌ಸೈಜ್ ಸಾಲನ್ನು ಓದಿ. ನೀವು ಲೆಕ್ಕ ಹಾಕಿದ ಸಂಖ್ಯೆಯ ಹತ್ತಿರ ಅದು ಇರಬೇಕು.

ನೋಡ್ ಜೆಎಸ್‌ನ ಡೀಫಾಲ್ಟ್ ಹೀಪ್ ಆವೃತ್ತಿಗಳ ನಡುವೆ ಬದಲಾಗುತ್ತ ಬಂದಿರುವುದರಿಂದ ಅದನ್ನು ನಂಬದೆ ಮ್ಯಾಕ್ಸ್-ಓಲ್ಡ್-ಸ್ಪೇಸ್-ಸೈಜ್ ಆಯ್ಕೆಯನ್ನು ಎಂಬಿ ಲೆಕ್ಕದಲ್ಲಿ ಬರೆಯಿರಿ. ಬಫರ್‌ಗಳು ಆ ಹೀಪ್‌ನ ಹೊರಗಿರುತ್ತವೆ. ಕಡತಗಳನ್ನು ಅಪ್‌ಲೋಡ್ ಮಾಡಿಸಿಕೊಳ್ಳುವ ಅಪ್ಲಿಕೇಶನ್‌ಗಳಿಗೆ ಹೆಚ್ಚು ಜಾಗ ಬಿಡಿ.

ಗೋ ಭಾಷೆಯ ರನ್‌ಟೈಮ್ ಮೆಮೊರಿ ಮಿತಿಯನ್ನು ತಾನಾಗಿ ಓದುವುದಿಲ್ಲ. 2022ರ 1.19ನೆಯ ಆವೃತ್ತಿಯಿಂದ ಗೋಮೆಮ್‌ಲಿಮಿಟ್ ಎಂಬ ಪರಿಸರ ಚರಾಂಶ ದೊರೆಯುತ್ತದೆ. ಕಂಟೇನರ್ ಮಿತಿಯ ಶೇಕಡಾ 90ರಷ್ಟನ್ನು ಕೊಟ್ಟು ಆರಂಭಿಸಬಹುದು. ಇದು ಮೃದು ಮಿತಿ, ಸಿ ಭಾಷೆಯ ಲೈಬ್ರರಿಗಳು ಬಳಸುವ ಮೆಮೊರಿ ಇದರ ಲೆಕ್ಕಕ್ಕೆ ಬರುವುದಿಲ್ಲ. ಡಾಟ್ ನೆಟ್ ಕೋರ್ 3.0ರಿಂದ ಮುಂದಿನವು ಕಂಟೇನರ್ ಮಿತಿಯ ಶೇಕಡಾ 75ನ್ನು ಹೀಪ್‌ಗೆ ತಾವೇ ನಿಗದಿ ಮಾಡಿಕೊಳ್ಳುತ್ತವೆ.

ಪೈಥಾನ್‌ಗೆ ಹೀಪ್ ಮಿತಿ ಎಂಬುದಿಲ್ಲ. ಅಲ್ಲಿ ನಿಯಂತ್ರಿಸಬೇಕಾದದ್ದು ವರ್ಕರ್‌ಗಳ ಸಂಖ್ಯೆ. ಯಂತ್ರದ ಕೋರ್‌ಗಳನ್ನು ಎಣಿಸಿ ವರ್ಕರ್ ಸಂಖ್ಯೆ ಹಾಕುವ ಸೂತ್ರ ಕಂಟೇನರಿನಲ್ಲಿ ಹಾನಿಕರ, ಏಕೆಂದರೆ ಸಿಪಿಯು ಕೋಟಾ ಕೂಡ ಆ ಎಣಿಕೆಗೆ ಕಾಣುವುದಿಲ್ಲ. ಒಂದು ವರ್ಕರ್‌ನ ಗರಿಷ್ಠ ಬಳಕೆಯನ್ನು ಅಳೆದು, ಮಿತಿಯನ್ನು ಅದರಿಂದ ಭಾಗಿಸಿ. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಮೆಮೊರಿ ಹಂಚಿಕೆಯೂ 64 ಬಿಟ್ ಯಂತ್ರಗಳಲ್ಲಿ ಕೋರ್ ಒಂದಕ್ಕೆ 8ರವರೆಗೆ ಅರೀನಾಗಳನ್ನು (ಮೆಮೊರಿಯ ಪ್ರತ್ಯೇಕ ಸಂಗ್ರಹಗಳನ್ನು) ಮಾಡಿಕೊಳ್ಳಬಹುದು; ಬಹಳ ಥ್ರೆಡ್‌ಗಳಿರುವ ಪ್ರೋಗ್ರಾಂ ಕಾರಣವಿಲ್ಲದೆ ಉಬ್ಬುತ್ತಿದ್ದರೆ ಮಾಲಾಕ್_ಅರೀನಾ_ಮ್ಯಾಕ್ಸ್ ಅನ್ನು 2ಕ್ಕೆ ಇಳಿಸಿ ನೋಡಿ.

ಡೇಟಾಬೇಸ್‌ಗಳ ವಿಷಯದಲ್ಲಿ, ಪೋಸ್ಟ್‌ಗ್ರೆಸ್‌ನ ಶೇರ್ಡ್_ಬಫರ್ಸ್ ಡೀಫಾಲ್ಟ್ 128 ಎಂಬಿ ಇದ್ದು ತಾನಾಗಿ ಬೆಳೆಯುವುದಿಲ್ಲ. ಅದನ್ನು ಯಂತ್ರದ ಮೆಮೊರಿಯ ಕಾಲು ಭಾಗ ಎಂದು ಹೆಚ್ಚಿಸುವವರು ಕಂಟೇನರ್ ಮಿತಿಯ ಕಾಲು ಭಾಗ ಎಂದು ಓದಿಕೊಳ್ಳಬೇಕು. ಡಾಕರ್ ಕಂಟೇನರಿನ /ಡೆವ್/ಎಸ್‌ಎಚ್‌ಎಂ ಡೀಫಾಲ್ಟ್ ಆಗಿ 64 ಎಂಬಿ ಮಾತ್ರ. ದೊಡ್ಡ ವರದಿಗಳ ವೇಳೆ ಪೋಸ್ಟ್‌ಗ್ರೆಸ್ ಡಿಸ್ಕ್‌ನಲ್ಲಿ ಜಾಗವಿಲ್ಲ ಎಂದು ದೂರಿದರೆ ಡಿಸ್ಕ್ ಹುಡುಕುವ ಮೊದಲು ಇದನ್ನು ಪರಿಶೀಲಿಸಿ. ಮೊಂಗೋಡಿಬಿ ಒಟ್ಟು ಮೆಮೊರಿಯಿಂದ 1 ಜಿಬಿ ಕಳೆದು ಉಳಿದದ್ದರ ಅರ್ಧವನ್ನು, ಅಥವಾ 256 ಎಂಬಿಯನ್ನು, ಯಾವುದು ಹೆಚ್ಚೋ ಅದನ್ನು ಕ್ಯಾಶ್‌ಗೆ ಇಡುತ್ತದೆ. ಕಂಟೇನರಿನಲ್ಲಿ ಈ ಗಾತ್ರವನ್ನು ಕೈಯಾರೆ ಬರೆಯುವುದೇ ಸುರಕ್ಷಿತ.

ಹಂತ 6: ಸ್ವಾಪ್‌ನ ಲೆಕ್ಕವನ್ನು ಸ್ಪಷ್ಟಗೊಳಿಸಿ

ಡಾಕರ್‌ನಲ್ಲಿ ಮೆಮೊರಿ ಮಿತಿಯನ್ನು ಮಾತ್ರ ಬರೆದು ಮೆಮೊರಿ-ಸ್ವಾಪ್ ಆಯ್ಕೆಯನ್ನು ಬಿಟ್ಟರೆ, ಹೋಸ್ಟ್‌ನಲ್ಲಿ ಸ್ವಾಪ್ ಇದ್ದಲ್ಲಿ ಕಂಟೇನರ್ ಮಿತಿಯಷ್ಟೇ ಸ್ವಾಪನ್ನೂ ಬಳಸಬಹುದು. ಆಗ 1 ಜಿಬಿ ಕಂಟೇನರ್ ಸಾಯುವ ಬದಲು ನಿಧಾನವಾಗುತ್ತದೆ. ಎರಡು ಆಯ್ಕೆಗಳಿಗೂ ಒಂದೇ ಮೌಲ್ಯ ಕೊಟ್ಟರೆ ಸ್ವಾಪ್ ಇಲ್ಲ. ಪರೀಕ್ಷೆಯ ವೇಳೆ ಸ್ವಾಪ್ ತೆಗೆದಿಡುವುದು ಒಳ್ಳೆಯದು, ಇಲ್ಲವಾದರೆ ತಪ್ಪು ಹೀಪ್ ಗಾತ್ರ ಮರೆಯಾಗಿಯೇ ಉಳಿಯುತ್ತದೆ.

ಹಂತ 7: ಕುಬರ್ನೆಟೀಸ್ ಇದ್ದರೆ ಹೆಚ್ಚುವರಿ ಪರಿಶೀಲನೆ

ಲಿಮಿಟ್ಸ್ ಎಂದು ಬರೆದ ಮೆಮೊರಿ ಮಾತ್ರ ಸಿಗ್ರೂಪ್‌ನ ಮಿತಿಯಾಗುತ್ತದೆ. ರಿಕ್ವೆಸ್ಟ್ಸ್ ಎಂಬುದು ಪಾಡ್ (ಒಟ್ಟಿಗೆ ನಡೆಯುವ ಕಂಟೇನರ್‌ಗಳ ಗುಂಪು) ಯಾವ ನೋಡ್‌ಗೆ (ಯಂತ್ರಕ್ಕೆ) ಹೋಗಬೇಕೆಂದು ನಿರ್ಧರಿಸಲು ಬಳಕೆಯಾಗುತ್ತದೆ. ಅದನ್ನಷ್ಟೇ ಬರೆದರೆ ಕಂಟೇನರಿನಲ್ಲಿ ಮ್ಯಾಕ್ಸ್ ಎಂಬ ಪದವೇ ಕಾಣುತ್ತದೆ, ಜಾವಾ ಇಡೀ ನೋಡ್‌ನ ಕಾಲು ಭಾಗವನ್ನು ಹೀಪ್ ಎಂದು ಇಟ್ಟುಕೊಳ್ಳುತ್ತದೆ.

ಅಳತೆಯ ಅಕ್ಷರಗಳನ್ನು ಎರಡು ಬಾರಿ ಓದಿ. 1 ಜಿಐ ಎಂದರೆ 1073741824 ಬೈಟ್, 1 ಜಿ ಎಂದರೆ 1000000000 ಬೈಟ್. ಇನ್ನೂ ಅಪಾಯಕರವಾದದ್ದು ಚಿಕ್ಕಕ್ಷರದ ಎಂ: ಕುಬರ್ನೆಟೀಸ್‌ನಲ್ಲಿ ಅದು ಸಾವಿರದ ಒಂದಂಶ, ಆದ್ದರಿಂದ 512 ಎಂದು ಬರೆದು ಚಿಕ್ಕ ಎಂ ಹಾಕಿದರೆ ಅರ್ಧ ಬೈಟ್‌ಗಿಂತ ಸ್ವಲ್ಪ ಹೆಚ್ಚಷ್ಟೇ ಆಗುತ್ತದೆ.

ಮಿತಿಯನ್ನು ಅಪ್ಲಿಕೇಶನ್‌ಗೆ ಪರಿಸರ ಚರಾಂಶವಾಗಿ ತಲುಪಿಸಲು ಡೌನ್‌ವರ್ಡ್ ಎಪಿಐ ಇದೆ. ಗೋಮೆಮ್‌ಲಿಮಿಟ್‌ಗೆ ಇದು ಅನುಕೂಲ, ಆದರೆ ಪೂರ್ತಿ ಮಿತಿಯೇ ಹೋಗುತ್ತದೆ, ಹತ್ತಿಪ್ಪತ್ತು ಶೇಕಡಾ ಉಳಿಸಿಕೊಳ್ಳುವ ಲೆಕ್ಕವನ್ನು ನೀವೇ ಮಾಡಬೇಕು. ಲಿಮಿಟ್ಸ್ ಬರೆಯದಿದ್ದರೆ ಅದು ನೋಡ್‌ನಲ್ಲಿ ಹಂಚಬಹುದಾದ ಒಟ್ಟು ಮೆಮೊರಿಯನ್ನು ಕೊಡುತ್ತದೆ ಎಂಬುದನ್ನೂ ನೆನಪಿಡಿ.

ಎಲ್‌ಎಕ್ಸ್‌ಸಿಎಫ್‌ಎಸ್ ಎಂಬ ಸಾಧನ ಮೆಮ್‌ಇನ್ಫೋ ಕಡತದ ಮೇಲೆ ಕಂಟೇನರಿನ ಪಾಲಿನ ಸಂಖ್ಯೆಗಳನ್ನು ಹೊದಿಸಬಲ್ಲದು. ಫ್ರೀ ಕಮಾಂಡ್ ಸರಿಯಾಗಿ ಕಾಣಬೇಕಾದ ಹಳೆಯ ತಂತ್ರಾಂಶಗಳಿಗೆ ಇದು ಉಪಯುಕ್ತ. ಸಿಸ್‌ಇನ್ಫೋ ಕರೆಯ ಮೂಲಕ ಕೇಳುವ ಪ್ರೋಗ್ರಾಂಗಳಿಗೆ ಇದೊಂದರಿಂದಲೇ ಉತ್ತರ ಬದಲಾಗುವುದಿಲ್ಲ, ಹಾಗಾಗಿ ಐದನೆಯ ಹಂತಕ್ಕೆ ಇದನ್ನು ಬದಲಿಯಾಗಿ ಬಳಸಬೇಡಿ.

ಹಂತ 8: ಮಿತಿ ಜಾರಿಯಲ್ಲಿದೆಯೇ ಎಂದು ಪರೀಕ್ಷಿಸಿ, ನಂತರ ಹೊರೆ ಹಾಕಿ

ಬಳಕೆಯಲ್ಲಿಲ್ಲದ ಯಂತ್ರವೊಂದರಲ್ಲಿ, ಒಂದನೆಯ ಹಂತದ ಎಚ್ಚರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು, ಮೆಮೊರಿ ಮತ್ತು ಮೆಮೊರಿ-ಸ್ವಾಪ್ ಎರಡಕ್ಕೂ 100 ಎಂಬಿ ಕೊಟ್ಟು ಒಂದು ಖಾಲಿ ಉಬುಂಟು ಕಂಟೇನರ್ ಆರಂಭಿಸಿ. ಅದರೊಳಗೆ ಟೇಲ್ /ಡೆವ್/ಜೀರೋ ಕಮಾಂಡ್ ಕೊಟ್ಟರೆ ಅದು ಕೊನೆಯಿಲ್ಲದ ಸಾಲನ್ನು ಓದುತ್ತಾ ಮೆಮೊರಿ ತುಂಬುತ್ತದೆ, ಸ್ವಲ್ಪ ಹೊತ್ತಿನಲ್ಲಿಯೇ ಕರ್ನಲ್ ಅದನ್ನು ಕೊಲ್ಲಬೇಕು. ಮಿತಿ ಜಾರಿಯಲ್ಲಿಲ್ಲದ ಯಂತ್ರದಲ್ಲಿ ಇದೇ ಕಮಾಂಡ್ ಇಡೀ ಯಂತ್ರದ ಮೆಮೊರಿಯನ್ನು ತಿಂದುಹಾಕುತ್ತದೆ. ಗ್ರಾಹಕರ ಸರ್ವರ್‌ನಲ್ಲಿ ಎಂದೂ ಪ್ರಯೋಗಿಸಬೇಡಿ.

ನಂತರ ನಿಮ್ಮ ಅಪ್ಲಿಕೇಶನ್‌ಗೆ ಬಟವಾಡೆಯ ದಿನದ ಹೊರೆಯನ್ನೇ ಹಾಕಿ. ಮಾಹಿತಿ ಸಣ್ಣದಾಗಿದ್ದರೆ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಕುಯ್ಲಿನ ಕಾಲದ ಪೂರ್ತಿ ಹಾಜರಿ ಪುಸ್ತಕದಷ್ಟು ದಾಖಲೆಗಳು ಬೇಕು. ನಡೆಯುತ್ತಿರುವಾಗ ಮೆಮೊರಿ.ಈವೆಂಟ್ಸ್ ಕಡತದ ಮ್ಯಾಕ್ಸ್ ಎಣಿಕೆಯನ್ನು ಗಮನಿಸಿ. ಅದು ಏರುತ್ತಿದ್ದು ಓಓಎಂ_ಕಿಲ್ ಸೊನ್ನೆಯಲ್ಲೇ ಇದ್ದರೆ ಕಂಟೇನರ್ ಮತ್ತೆ ಮತ್ತೆ ಮಿತಿಯನ್ನು ಮುಟ್ಟಿ ಕ್ಯಾಶ್ ಬಿಡಿಸಿಕೊಂಡು ಬದುಕುತ್ತಿದೆ. ಕರ್ನಲ್ 4.20ರಿಂದ ದೊರೆಯುವ ಮೆಮೊರಿ.ಪ್ರೆಷರ್ ಕಡತದ ಫುಲ್ ಸಾಲು ಸೊನ್ನೆಯಿಂದ ಮೇಲೇರಿ ನಿಂತರೆ, ಮೆಮೊರಿಗಾಗಿ ಇಡೀ ಗುಂಪು ಕಾಯುತ್ತಾ ನಿಲ್ಲುತ್ತಿದೆ ಎಂದು ತಿಳಿಯಬೇಕು. ಅನಾನ್ ಸಾಲು ಪ್ರತಿ ಪಟ್ಟಿಯ ನಂತರ ಇಳಿಯದೆ ಮೆಟ್ಟಿಲಿನಂತೆ ಏರುತ್ತಿದ್ದರೆ ಅಪ್ಲಿಕೇಶನ್ನಿನಲ್ಲಿಯೇ ಸೋರಿಕೆ ಇರುವ ಸಂಭವ ಹೆಚ್ಚು, ಅದಕ್ಕೆ ಮಿತಿ ಹೆಚ್ಚಿಸುವುದು ಪರಿಹಾರವಲ್ಲ. ಮಿತಿಯನ್ನು ಹೆಚ್ಚಿಸಬೇಕಾದದ್ದು ಒಂದೇ ಸಂದರ್ಭದಲ್ಲಿ: ಅನಾನ್ ಗರಿಷ್ಠ ಹೊರೆಯಲ್ಲಿ ಒಂದು ಮಟ್ಟ ತಲುಪಿ ನಿಂತು, ಆ ಮಟ್ಟವೇ ಮಿತಿಗೆ ತೀರಾ ಹತ್ತಿರವಿದ್ದಾಗ.

ಮಿತಿ, ಹೀಪ್ ಶೇಕಡಾ, ಗರಿಷ್ಠ ಅನಾನ್, ಸಿಗ್ರೂಪ್ ಆವೃತ್ತಿ, ರನ್‌ಟೈಮ್ ಆವೃತ್ತಿ ಈ ಐದನ್ನೂ ಕಂಟೇನರಿನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಾಂಪೋಸ್ ಕಡತದ ಪಕ್ಕದಲ್ಲಿಯೇ ಒಂದು ಟಿಪ್ಪಣಿಯಾಗಿ ಇಡಿ. ಹೋಸ್ಟ್‌ನ ಆಪರೇಟಿಂಗ್ ಸಿಸ್ಟಂ ಬದಲಾದಾಗ, ಇಮೇಜಿನ ಮೂಲ ಬದಲಾದಾಗ, ಮತ್ತು ಪ್ರತಿ ವರ್ಷ ಕುಯ್ಲು ಆರಂಭವಾಗುವ ಮೊದಲು ಅಕ್ಟೋಬರಿನಲ್ಲಿ ಒಂದು, ಎರಡು ಮತ್ತು ಎಂಟನೆಯ ಹಂತಗಳನ್ನು ಮತ್ತೆ ನಡೆಸಿ ಆ ಟಿಪ್ಪಣಿಯೊಂದಿಗೆ ಹೋಲಿಸಿ.